ನಾನು ಹೇಳದ ನಂಬರು

ಗುಮಾಸ್ತರು ಟೈಪ್ ಮಾಡುತ್ತಿದ್ದುದು ಬಲಗೈಯ ತೋರುಬೆರಳೊಂದರಲ್ಲೇ. ಒಂದು ಅಕ್ಷರ ಒತ್ತಿ, ಕಾದ ಹೆಂಚು ಮುಟ್ಟಿದವರಂತೆ ಬೆರಳು ಎತ್ತಿಕೊಳ್ಳುತ್ತಿದ್ದರು. ಬಂಗಾರಪೇಟೆಯ ಸೈಬರ್ ಅಂಗಡಿಯ ಹುಡುಗಿ ನಗುತ್ತಿದ್ದಳು: "ತಾತಾ, ಅದು ಕಚ್ಚಲ್ಲ!"

"ಕಚ್ಚಲ್ಲಮ್ಮ, ಅಳಿಸ್ಬುಡ್ತದೆ."

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಬಾಯಲ್ಲಿ ಟೋಕನ್ ಗುಮಾಸ್ತರಾಗಿದ್ದವರು. ಕೆಳಗಿಳಿಯುವವನಿಗೆ ಹಿತ್ತಾಳೆ ಟೋಕನ್ ಕೊಡುವುದು, ಮೇಲೆ ಬಂದವನಿಂದ ವಾಪಸ್ ಪಡೆಯುವುದು ಅವರ ಕೆಲಸ. ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ನಮ್ಮ ಪಕ್ಕದ ಮನೆ. ಗಣಿ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ, ಟೋಕನ್ ವಾಪಸ್ ಕೊಡಲು ಮೇಲೆ ಬಾರದೇ ಹೋದವರಿಗಾಗಿ ಒಂದು ವೆಬ್‌ಸೈಟ್ ಮಾಡಿದರು. ಸೈಟ್ ಇಡಲು ಸಿಕ್ಕಿದ್ದರಲ್ಲೇ ಅಗ್ಗದ ಹೋಸ್ಟಿಂಗ್; ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ನವೀಕರಿಸದಿದ್ದರೆ ಎಲ್ಲ ಅಳಿಸಿಹೋಗುತ್ತದೆ. ಸ್ವಂತ ಕಂಪ್ಯೂಟರ್ ಇಲ್ಲ, ಫೋನೂ ಇಲ್ಲ. ವಾರಕ್ಕೊಮ್ಮೆ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ, ಮನೆಮನೆಯಿಂದ ತಂದ ಫೋಟೋ ಸೇರಿಸಿ, ಸಂಜೆಯೊಳಗೆ ಅವರವರ ಮನೆಗೆ ಮುಟ್ಟಿಸುತ್ತಿದ್ದರು.

ಸೈಟಿನ ಖಾತೆಗೆ ಕೊಟ್ಟಿದ್ದು ನನ್ನ ಫೋನ್ ನಂಬರು. ಓಟಿಪಿ ನನಗೆ ಬರುತ್ತಿತ್ತು. ಅಂಗಡಿಯ ಫೋನಿನಿಂದ ಅವರು ಕೂಗುತ್ತಿದ್ದರು: "ನಂಬರ್ ಬಂತೇನ್ಲಾ?" ನಾನು ಓದಿ ಹೇಳುತ್ತಿದ್ದೆ.

ಒಂದು ದಿನ ನನ್ನ ಅಪ್ಪನ ಫೋಟೋ ಒಯ್ದು ಕೊಟ್ಟೆ. ಅಪ್ಪ ಗಣಿಯೊಳಗೆ ಬಂಡೆ ಸಿಡಿದು ಸತ್ತ ಎಂದು ಬೀಗರಿಗೂ ಮೊಮ್ಮಕ್ಕಳಿಗೂ ಹೇಳಿಕೊಂಡು ಬಂದಿದ್ದೆ. ನಿಜಕ್ಕೂ ಅವನು ಕೆಲಸ ಮುಗಿಸಿ ಬಂದು, ಕುಡಿದು, ಚರಂಡಿಗೆ ಬಿದ್ದು ಸತ್ತಿದ್ದ.

ಗುಮಾಸ್ತರು ಫೋಟೋದ ಧೂಳು ಒರೆಸಿ ವಾಪಸ್ ಕೊಟ್ಟರು. "ಅವತ್ತು ನಿಮ್ಮಪ್ಪನ ಟೋಕನ್ ಇಸ್ಕೊಂಡೋನು ನಾನೇ ಕಣ್ಲಾ. ನಗ್ತಾ ಮನೆ ಕಡೆ ಓದ."

"ಯಾರು ನೋಡ್ತಾರಣ್ಣಾ? ಒಂದು ಹೆಸ್ರು ತಾನೇ?"

"ಒಂದು ಸುಳ್ಳು ಸೇರ್ಸಿದ್ರೆ ಮಿಕ್ಕಿದೋರ ಸಾವ್ನೂ ಯಾರೂ ನಂಬಲ್ಲ."

ಆ ವರ್ಷ ನವೀಕರಣದ ಕೊನೆಯ ದಿನ ಕರೆ ಬಂತು. "ನಂಬರ್ ಬಂತೇನ್ಲಾ?" ಆರು ಅಂಕಿಗಳು ನನ್ನ ಕಣ್ಣೆದುರಿಗೇ ಇದ್ದವು. "ಇಲ್ಲ ಅಣ್ಣಾ," ಎಂದೆ. ಮತ್ತೆ ಕಳಿಸಿದರು, ಮತ್ತೆ ಬಂತು. ಮತ್ತೆ ಇಲ್ಲ ಎಂದೆ.

ಸೈಟ್ ಹೋಯಿತು. ಅದರಲ್ಲಿದ್ದ ಫೋಟೋಗಳೆಲ್ಲ ಅಳಿಸಿಹೋದವು. ಸೈಟಿನ ವಿಳಾಸವನ್ನು ಬೇರೆ ಯಾರೋ ಕೊಂಡರು. ಈಗ ಒತ್ತಿದರೆ ಇಸ್ಪೀಟಿನ ಜೂಜು ತೆರೆದುಕೊಳ್ಳುತ್ತದೆ.

ಮಳೆಗೆ ಮನೆ ಸೋರಿ ಗಂಡನ ಒಂದೇ ಒಂದು ಫೋಟೋ ಕಳೆದುಕೊಂಡ ಉರಿಗಾಂನ ಮುದುಕಿಯೊಬ್ಬರು ಗುಮಾಸ್ತರನ್ನು ಹುಡುಕಿಕೊಂಡು ಬಂದರು. "ನಿನ್ನ ಕಂಪ್ಯೂಟರ್‌ನಾಗೆ ಐತಲ್ಲಪ್ಪಾ, ಒಂದ್ಸಲ ಮುಖ ತೋರ್ಸು."

"ನಂದೇ ತಪ್ಪಮ್ಮ, ದುಡ್ಡು ಕಟ್ಟೋ ದಿನ ಮರ್ತೋಯ್ತು," ಎಂದು ಗುಮಾಸ್ತರು ಕೈಮುಗಿದರು. ನಾನು ಅಲ್ಲೇ ಕೂತು ಅವರ ಮನೆಯ ಟೀ ಕುಡಿಯುತ್ತಿದ್ದೆ.

ಹೋದ ವರ್ಷ ಹಾಸಿಗೆ ಹಿಡಿದ ಗುಮಾಸ್ತರನ್ನು ನೋಡಲು ಹೋದಾಗ, ಹೆಂಡತಿಯನ್ನು ನೀರು ತರಲು ಒಳಗೆ ಕಳಿಸಿ ಮೆಲ್ಲಗೆ ಹೇಳಿದರು: "ಅವತ್ತು ನಂಬರ್ ಬಂದಿತ್ತು. ಎಲ್ಡು ಸಲಾನೂ ಮುಟ್ಟೈತೆ ಅಂತ ಸೈಟ್ ಕಂಪನಿಯೋರು ಆವಾಗ್ಲೇ ಯೋಳಿದ್ರು."

"ಮತ್ತೆ ಯಾಕಣ್ಣಾ ನನ್ನ ಕೇಳ್ಲಿಲ್ಲ?"

"ನೀನೇ ಯೋಳ್ತೀಯ ಅಂತ ಕಾಯ್ತಿದ್ದೆ ಕಣ್ಲಾ."

ಮೂರನೆಯ ದಿನ ತೀರಿಕೊಂಡರು. ಮಣ್ಣು ಮಾಡಿ ಬಂದ ಮರುದಿನ ಉರಿಗಾಂಗೆ ಹೋಗಿ ಆ ಮುದುಕಿಗೆ ನಿಜ ಹೇಳಿದೆ. ಅವರು ಬಾಗಿಲು ಹಾಕಿಕೊಂಡರು. ಫೋಟೋ ಕೊಟ್ಟಿದ್ದ ಉಳಿದ ಮನೆಗಳಿಗೂ ಒಂದೊಂದಾಗಿ ಹೋಗಿ ಬಂದೆ. ನನ್ನ ಮನೆಯವರಿಗೆ ಮಾತ್ರ ಇದನ್ನೂ ಅಪ್ಪನ ಸಾವಿನ ನಿಜವನ್ನೂ ಬಾಯಿಬಿಟ್ಟು ಹೇಳಲಾಗಲಿಲ್ಲ. ಅದಕ್ಕೇ ಇದನ್ನು ಬರೆದೆ.