ಸೂರತ್ತಿನಲ್ಲಿ ಕಲಿತ ‘ಏರ್‌ಲೂಮ್’

ಸೂರತ್ತಿನಲ್ಲಿ ಯಾರಿಗೂ ಬಾಯಿಲ್ಲ. ಮೊದಲ ದಿನ ಮಿಲ್ಲಿನೊಳಗೆ ಕಾಲಿಟ್ಟಾಗ ಹಾಗೇ ಅನ್ನಿಸಿತು. ಮಷೀನುಗಳ ಸದ್ದಿಗೆ ನೀರು ಬೇಕಾದರೂ ಕೈಸನ್ನೆ, ದಾರ ಕಡಿದರೂ ಕೈಸನ್ನೆ. ಮೊಳಕಾಲ್ಮೂರಿನ ನಮ್ಮ ಮಗ್ಗದಲ್ಲಿ ಪಕ್ಕ ಕೂತ ಅಕ್ಕನ ಬಳೆ ಸದ್ದೂ ಕೇಳುತ್ತಿತ್ತು.

ಒಂದು ರೂಮಿಗೆ ಎಂಟು ಜನ. ಊಟಕ್ಕೆ ರೋಟ್ಲಾ, ಅಂದರೆ ದಪ್ಪ ಸಜ್ಜೆ ರೊಟ್ಟಿ. ಅದು ಪರವಾಗಿಲ್ಲ, ಆದರೆ ಪಲ್ಯಕ್ಕೂ ಬೆಲ್ಲ ಹಾಕುತ್ತಾರೆ. ಗುಜರಾತಿ ಬರಲಿಲ್ಲ. ಮಿಲ್ಲಿನಲ್ಲಿ ತೆಲುಗರು ಬಹಳ, ನನಗೂ ತೆಲುಗು ಮನೆಮಾತಾದ್ದರಿಂದ ಬದುಕಿಕೊಂಡೆ. ವರ್ಷದೊಳಗೆ ನಾಲ್ಕು ಮಷೀನು ಒಬ್ಬನೇ ನಡೆಸಿದೆ.

ಮೇಸ್ತ್ರಿ ಖಾದರ್ ಸಾಬರು ಬಳ್ಳಾರಿಯವರು. ಟೀ ಹೊತ್ತಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ನೂಲು ಹೊತ್ತು ಓಡುವ ನಮ್ಮ ಲಾಳಿ ‘ಶಟಲ್’. ಹಿಂದಿನ ಕಾಲದಲ್ಲಿ ಎಸೆಯುವ ಈಟಿಗೆ ಆ ಹೆಸರಿತ್ತಂತೆ. ‘ಟೆಂಟರ್‌ಹುಕ್ಸ್ ಮೇಲಿರೋದು’ ಅಂದರೆ ಜೀವ ಬಿಗಿಹಿಡಿದು ಕಾಯುವುದು. ಒದ್ದೆ ಉಣ್ಣೆಬಟ್ಟೆ ಕುಗ್ಗದಂತೆ ಕೊಕ್ಕೆಗಳಿಗೆ ಎಳೆದು ಒಣಗಿಸುತ್ತಿದ್ದರಂತೆ. ಹುಣಸೆಬೀಜದ ಗಂಜಿ ಬಳಿದು ಬಿಸಿಲಿಗೆ ಎಳೆದು ಹಾಕಿದ ಚಳ್ಳಕೆರೆ ಕಂಬಳಿಗಳು ಕಣ್ಮುಂದೆ ಬಂದವು.

ಆ ವಾರ ನಾನೂ ಕೊಕ್ಕೆ ಮೇಲಿದ್ದೆ. ನಮ್ಮ ಸೀರೆಗೆ ಇಬ್ಬರು ಬೇಕು: ಮಗ್ಗದ ಕೆಳಗಿನ ಗುಂಡಿಗೆ ಕಾಲಿಳಿಸಿ ನೇಯುವವರು, ಪಕ್ಕ ಕೂತು ಅಂಚಿನ ಲಾಳಿ ಎಸೆಯುವವರು. ಗುಂಡಿ ನನ್ನದು, ಅಂಚು ಅಕ್ಕನದು. ನಾನು ಬಂದ ಮೇಲೆ ಮಗ್ಗ ನಿಂತಿತ್ತು. ಅಕ್ಕ ಫೋನ್ ಮಾಡಿದಳು.

“ಬರ್ತೀಯೋ ಇಲ್ಲೋ ಭಾನುವಾರ ಹೇಳು. ಇಲ್ಲಾಂದ್ರೆ ಮಗ್ಗ ಬಿಚ್ಚಿ ಗುಂಡಿ ಮುಚ್ಚಿಸ್ತೀನಿ.”

ಸಾಬರಿಗೆ ಹೇಳಿದೆ.

“ಅದು ಏರ್‌ಲೂಮ್ ಕಣಲೇ,” ಅಂದರು. ‘ಏರ್’ ವಾರಸುದಾರ. ‘ಲೂಮ್’ ಮೊದಲು ಮಗ್ಗವೇ ಅಲ್ಲ, ಯಾವುದೇ ಕೆಲಸದ ಸಾಮಾನು. ವಾರಸಿಗೆ ಇಳಿದು ಬಂದ ಸಾಮಾನು. ಈಗ ಒಡವೆಗೂ ಹಾಗೇ ಅನ್ನುತ್ತಾರೆ.

“ವಾರಸುದಾರ ಯಾರು?”

“ನಾನೇ ರೀ, ಗಂಡ್ಮಗ.”

“ಈಗ ಮಗ್ಗದ ಹತ್ರ ಯಾರು ಅದಾರೆ?”

“ಅಕ್ಕ.”

“ನೀನಿಲ್ಲಿ ರೋಟ್ಲಾ ತಿಂತಾ ಕುಂತೀಯ. ಯಾವ ಸೀಮೆ ವಾರಸುದಾರಲೇ ನೀನು?”

ಸಿಟ್ಟು ಬಂತು. ಗ್ಲಾಸು ಕುಕ್ಕಿ ಎದ್ದೆ. ಆದರೆ ಅವರಂದದ್ದು ಸುಳ್ಳಲ್ಲ, ಆ ನಾಲ್ಕು ಮಷೀನು ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಭಾನುವಾರ ಫೋನ್ ಮಾಡಿದೆ.

“ಬಿಚ್ಚಬ್ಯಾಡ ಅಕ್ಕ. ಗುಂಡಿಗೆ ನೀನೇ ಇಳಿ. ಅಂಚಿಗೆ ಪಕ್ಕದ್ಮನೆ ಪಾರ್ವತಕ್ಕನ್ನ ಕೂಡಿಸ್ಕೋ. ಮಗ್ಗ ನಿಂದು.”

“ಅಂದ್ರೆ ನೀನು ಬರಲ್ಲ.”

“ಪಾರ್ವತಕ್ಕಂಗೆ ಇವತ್ತೇ ಹೇಳು,” ಅಂದೆ.

ಹದಿನೈದು ದಿನಕ್ಕೆ ಅವಳೇ ಫೋನ್ ಮಾಡಿದಳು. ನಗುತ್ತಿದ್ದಳು.

“ನಿನ್ ಗುಂಡಿ ನಂಗೆ ಆಳ ಆತು ಕಣೋ, ಕಾಲೇ ಎಟುಕ್ತಿರ್ಲಿಲ್ಲ. ತಳಕ್ಕೆ ಇಟ್ಟಿಗೆ ಹಾಕ್ಸೀನಿ.”

“ನಾನ್ ಬಂದಾಗ ತೆಗಿ.”

“ಯಾಕ್ ತೆಗೀಲಿ? ಮ್ಯಾಲೆ ಸಿಮೆಂಟ್ ಬಳ್ದಾಗೈತೆ.”

“ಒಳ್ಳೇದಾತು ಬಿಡು,” ಅಂದೆ. ಒಳ್ಳೆಯದೇ ಆಯಿತು. ಇನ್ನು ಊರಿಗೆ ಹೋದರೆ ಎಲ್ಲಿ ಕೂರುವುದು, ಗೊತ್ತಿಲ್ಲ.