ಒಂದು ಖರೇದು, ಒಂದು ಕಥಿ

ಮೊರದಲ್ಲಿ ಅಕ್ಕಿ ಆರಿಸುತ್ತಿದ್ದೆ. ಪಕ್ಕದ ಮನೆಯ ಮಲ್ಲಮ್ಮ ಎದೆ ಬಡಿದುಕೊಳ್ಳುತ್ತ ಬಾಗಿಲಿಗೆ ಬಂದಳು.

"ಅಕ್ಕೋರೆ, ಕಾಲುವಿ ಕಡಿ ಬರ್ರಿ! ನನ್ನ ಗಂಡ ಅವರಣ್ಣಗ ಕೊಡಲಿಲೆ ಹೊಡದಾನ. ನಿಮ್ಮ ಪುಸ್ತಕಾನೇ ಅವನ ಕೈಯಾಗ ಕೊಡಲಿ ಕೊಟ್ಟೈತಿ!"

ಹಾಸನದಿಂದ ಶಹಾಪುರದ ಹತ್ತಿರದ ಈ ಹಳ್ಳಿಗೆ ಬಂದು ವರ್ಷವಾಗಿತ್ತು. ನಮ್ಮ ಯಜಮಾನರಿಗೆ ಕಾಲುವೆ ಕಚೇರಿಯಲ್ಲಿ ಗುಮಾಸ್ತಿಕೆ. ನಮ್ಮ ಕಡೆ ನೀರಿನ ಜಗಳ ಬಾಯಲ್ಲೇ ಮುಗಿಯುತ್ತದೆ. ಇಲ್ಲಿ ಕಾಲುವೆ ನೀರು ಬಂದದ್ದೇ ಹೊಸದು. ತೂಬಿನ ಹತ್ತಿರ ಯಾರೂ ಬರಿಗೈಯಲ್ಲಿ ನಿಲ್ಲುವುದಿಲ್ಲ. ಮಾತಾಡುವವರಿಲ್ಲದೆ ಅಳುತ್ತಿದ್ದ ನನಗೆ ಜೋಳದ ರೊಟ್ಟಿ ಕಲಿಸಿದವಳು ಮಲ್ಲಮ್ಮ. ನಾನು ಮಧ್ಯಾಹ್ನಗಳಲ್ಲಿ ಅವಳಿಗೂ ಓಣಿಯ ಹೆಂಗಸರಿಗೂ ಗ್ರಂಥಾಲಯದ ಪುಸ್ತಕ ಓದಿ ಹೇಳುತ್ತಿದ್ದೆ. ಮೊದಮೊದಲು ತಂದದ್ದೆಲ್ಲ ದೇವರ ಮಹಿಮೆಯೇ.

"ದೇವ್ರನ್ನ ಗುಡ್ಯಾಗ ನೋಡ್ತೀವ್ರಿ," ಎಂದಳು ಮಲ್ಲಮ್ಮ. "ಇನ್ಮ್ಯಾಲೆ ಒಂದು ಖರೇದು ತರ್ರಿ, ಒಂದು ಕಥಿ ತರ್ರಿ. ಬರೇ ರೊಟ್ಟಿ ಗಂಟಲಾಗ ಇಳಿತೈತೇನ್ರಿ?" ಖರೇ ಎಂದರೆ ನಿಜ.

ಆ ವಾರ ಪ್ರಥಮ ಚಿಕಿತ್ಸೆಯ ಪುಸ್ತಕವನ್ನೂ, ತಮ್ಮನ ಪಾಲಿನ ನೀರು ಕದಿಯುವ ಅಣ್ಣನ ಕಾದಂಬರಿಯನ್ನೂ ಆರಿಸಿ ತಂದೆ. ಕಾದಂಬರಿ ಅರ್ಧ ಓದಿದ ದಿನ, ಹೊರಗೆ ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ ಮಲ್ಲಮ್ಮನ ಗಂಡ ಹಣಮಂತ ಕೇಳಿದ.

"ಆ ಅಣ್ಣ ಯಾವೂರಾಂವ್ರಿ?"

"ನಿಮ್ಮೂರವನೇ ಇರಬೇಕು ಬಿಡಿ," ಎಂದು ನಕ್ಕೆ. ನಮ್ಮಲ್ಲಿ ಅದು ತಮಾಷೆ. ಅವನು ನಗಲಿಲ್ಲ.

ಮರುದಿನವೇ ಈ ಸುದ್ದಿ. ಕಾಲುವೆಯ ಏರಿಯ ಮೇಲೆ ಓಡಿದೆವು. ಇಬ್ಬರು ಹಣಮಂತನನ್ನು ಹಿಂದಿನಿಂದ ಅವುಚಿ ಹಿಡಿದಿದ್ದರು. ಅವನು ಇನ್ನೂ ಕೂಗುತ್ತಿದ್ದ: "ನನ್ನ ಪಾಲಿನ ನೀರು ಕದ್ದದ್ದು ಪುಸ್ತಕದಾಗ ಬಂದೈತಿ! ಇವಂದೇ ಕಥಿ, ಹೆಸರಿಲ್ದ ಬರದಾರ!" ಅಣ್ಣ ಶರಣಪ್ಪ ಕೆಸರಲ್ಲಿ ಬಿದ್ದಿದ್ದ. ಭುಜ ಸೀಳಿ ಬಿಳಿ ಎಲುಬು ಕಾಣುತ್ತಿತ್ತು. ರಕ್ತ ತೂಬಿನ ಕಲ್ಲಿನ ಮೇಲೆ ಹರಿಯುತ್ತಿತ್ತು. ಒಬ್ಬ ಮುದುಕ ಗಾಯಕ್ಕೆ ಒತ್ತಲು ತಂಬಾಕಿನ ಪುಡಿ ತಂದ.

ಮಲ್ಲಮ್ಮ ಅವನ ಕೈಯನ್ನು ಜಾಡಿಸಿ ಹೊಡೆದಳು. "ಹಾಕಬ್ಯಾಡೋ ಮುತ್ಯಾ! ಅರಿವಿ ಒತ್ತಿ ಹಿಡೀಬೇಕಂತ ಖರೇ ಪುಸ್ತಕದಾಗೈತಿ!" ಸೆರಗು ಹರಿದು ಮಡಿಸಿ ಗಾಯದ ಮೇಲಿಟ್ಟಳು. ಟೆಂಪೊ ಬರುವ ತನಕ ನಾನು ಎರಡೂ ಕೈಗಳಿಂದ ಒತ್ತಿದೆ. ಬೆರಳ ಸಂದಿಯಲ್ಲಿ ಬಿಸಿ ರಕ್ತ ಉಕ್ಕುತ್ತಿತ್ತು.

ಶರಣಪ್ಪ ಉಳಿದ. ಪೆಟ್ಟು ಕುತ್ತಿಗೆಗೆ ಬೀಳಲಿಲ್ಲ, ಟೆಂಪೊ ಬೇಗ ಸಿಕ್ಕಿತು. ಇಷ್ಟಕ್ಕಾದರೂ ದೇವರಿಗೆ ಕೈ ಮುಗಿದೆ. ಹಣಮಂತನನ್ನು ಪೊಲೀಸರು ಒಯ್ದರು. "ಪುಸ್ತಕ ವಾಪಸ್ ಕೊಡು. ಹಾಸನಕ್ಕೆ ವರ್ಗ ಕೇಳ್ತೀನಿ," ಎಂದರು ಯಜಮಾನರು. ಹೂಂ ಎಂದೆ. ಹಾಸನದ ಹೆಸರು ಕೇಳಿ ಜೀವ ಹಗುರಾಗಬೇಕಿತ್ತು. ಆಗಲಿಲ್ಲ.

ಮೂರನೆಯ ದಿನ ಮಲ್ಲಮ್ಮ ಬಂದು ಹೊಸ್ತಿಲಲ್ಲಿ ಕೂತಳು. ಕಣ್ಣು ಬಾತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅಂದಳು:

"ತಪ್ಪಾತು ಅನ್ನಬ್ಯಾಡ್ರಿ, ಅದನ್ನ ಕೇಳಾಕ ಬಂದಿಲ್ಲ. ಕಥಿ ಅರ್ಧಕ್ಕ ನಿಂತೈತಿ. ಆ ತಮ್ಮನ ಹೇಣ್ತಿ ಮುಂದೇನ ಮಾಡಿದ್ಲು? ನನಗ ಗೊತ್ತಾಗಬೇಕು."

ಇನ್ನೂ ವಾಪಸ್ ಕೊಡದ ಪುಸ್ತಕ ತೆಗೆದು ಕೊನೆಯ ಪುಟದವರೆಗೂ ಓದಿದೆ. ಅಷ್ಟರಲ್ಲಿ ಒಲೆಯ ಮೇಲಿನ ಬೇಳೆ ತಳ ಹಿಡಿಯುವ ವಾಸನೆ ಬಂತು. ಎದ್ದು ಹೋಗಿ ಸೌಟು ಆಡಿಸಿದೆ.