ಹೊರಗಿನಾಕಿ ಅಂತಿದ್ದ ಕೊಟ್ರಮ್ಮ

ತರಕಾರಿ ಗಾಡಿ ನಮ್ಮ ಓಣಿಗೆ ಬಂದು ನಿಂತರೆ ಕೊಟ್ರಮ್ಮ ನನಗಿಂತ ಮೊದಲು ಗೇಟಿನ ಹೊರಗಿರುತ್ತಿದ್ದಳು. ನಾನು ಬದನೆಕಾಯಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ, ಓಣಿಗೆಲ್ಲ ಕೇಳುವಂತೆ, "ಈಕಿ ಇಲ್ಲಿಯಾಕಿ ಅಲ್ಲಪ್ಪ, ಹೊರಗಿನಾಕಿ. ನಿಂಗೆ ಎಷ್ಟು ಬೇಕೋ ಅಷ್ಟು ರೇಟು ಹೇಳು" ಅನ್ನುತ್ತಿದ್ದಳು. ಗಾಡಿಯವನು ಹಲ್ಲು ಕಿರಿಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ದಾವಣಗೆರೆಯ ವಿನೋಬನಗರದಲ್ಲಿ ಅವಳ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ನಾನು ಮಂಗಳೂರಿನವಳು, ಹರಿಹರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತೆಂದು ಬಂದವಳು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ಕಡೆಯವರಿಗೆ ಘಟ್ಟ ಹತ್ತಿದರೆ ಪರದೇಶವೇ. ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ಜಿಲ್ಲಾ ಆತು ಅಂತ ಕಂಡಕಂಡೋರೆಲ್ಲ ಬಂದು ತುಂಬ್ತಾರೆ ಅಂತ ಕೊಟ್ರಮ್ಮ ನನ್ನ ಕಿಟಕಿ ಕೆಳಗೇ ನಿಂತು ಗೊಣಗುವಳು. ನಲ್ಲಿಯಲ್ಲಿ ನೀರು ಬಂದರೆ ಮೊದಲು ಅವಳ ಹಂಡೆ, ಆಮೇಲೆ ಅವಳ ಎಮ್ಮೆ, ಆಮೇಲೆ ಮಲ್ಲಿಗೆ ಗಿಡ, ಉಳಿದರೆ ನಾನು. ನನ್ನ ಕನ್ನಡ ಕೇಳಿದರೆ ಬಾಯಿಗೆ ಸೆರಗು ಹಿಡಿದು ನಗುವಳು. ರೇಡಿಯೋ ವಾರ್ತೆ ಓದಿದಂಗೆ ಮಾತಾಡ್ತೀಯಲ್ಲ, ಹಸಿವಾದ್ರೂ ಹಿಂಗೇ ಅಳ್ತೀಯೇನು ಅಂತ ಒಮ್ಮೆ ಕೇಳಿದ್ದಳು.

ಮೂರನೇ ವರ್ಷ ದಸರಾ ರಜೆಯಲ್ಲಿ ನನ್ನ ಗೆಳತಿಯರು ಲವೀನಾ, ಶಶಿಕಲಾ ಮಂಗಳೂರಿನಿಂದ ಬಂದರು. ಬಂದದ್ದು ನನ್ನನ್ನು ವಾಪಸು ಕರೆದೊಯ್ಯಲು. ಲವೀನಾಳ ಶಾಲೆಯಲ್ಲಿ ಒಂದು ಜಾಗ ಖಾಲಿಯಿತ್ತು. ಅವರು ಹೊರಡುವುದರೊಳಗೆ ನಾನು ಹೂಂ ಅನ್ನಬೇಕು. ಮನಸ್ಸಿನಲ್ಲಿ ಹೂಂ ಅಂದೇ ಬಿಟ್ಟಿದ್ದೆ. ಅದಕ್ಕೂ ಮೊದಲು ಊರು ತೋರಿಸೋಣ ಅಂತ ಹೊರಟೆ.

ತೋರಿಸಲು ಹೊರಟಾಗ ಬಂತು ನೋಡಿ ಪೇಚು. ಎಸ್‌ಟಿಡಿ ಬೂತಿನಿಂದ ಮಾತಾಡಿದಾಗಲೆಲ್ಲ ನಮ್ಮ ದಾವಣಗೆರೆ ಹಾಗೆ, ಹೀಗೆ ಎಂದು ಕೊಚ್ಚಿಕೊಂಡಿದ್ದವಳಿಗೆ ಗೊತ್ತಿದ್ದದ್ದು ಕೋಣೆ, ಬಸ್ ಸ್ಟ್ಯಾಂಡು, ಶಾಲೆ, ಅಷ್ಟೇ. ಒಬ್ಬಳೇ ಹೋಟೆಲಿಗೆ ಹೋದವಳೂ ಅಲ್ಲ. ಬೆಣ್ಣೆ ದೋಸೆ ತರಿಸಿ, ಸಾಂಬಾರ್ ಎಲ್ಲಿ ಎಂದು ಸಪ್ಲೈಯರನನ್ನು ಗದರಿದೆ. ಬೆಣ್ಣೆ ದೋಸೆಗೆ ಚಟ್ನಿ, ಪಲ್ಯ ಅಷ್ಟೇ ರೀ ಅಂತ ಅವನು ಪಕ್ಕದ ಮೇಜಿನವರ ಕಡೆ ನೋಡಿ ಹೇಳಿದ. ಅವರೆಲ್ಲ ತಲೆ ತಗ್ಗಿಸಿ ನಕ್ಕರು.

ಶಶಿಕಲಾ ಅದನ್ನು ಕೊಟ್ರಮ್ಮನಿಗೆ ನಗುತ್ತ ಹೇಳಿಬಿಟ್ಟಳು. ಕೊಟ್ರಮ್ಮ ನಗಲಿಲ್ಲ. ನನ್ನ ಮನಿಯಾಗಿದ್ದುಕೊಂಡು ಊರ ಮಾನ ಕಳೆದಿ ಅಂತ ನನಗೆ ಬೈದು, ಮರುದಿನ ಬೆಳಗ್ಗೆ ಸೀರೆ ಎತ್ತಿಕಟ್ಟಿ ತಾನೇ ಮುಂದಾದಳು. ಗೆಳತಿಯರಿಗೆ ಬರ್ರಿ, ನೋಡ್ರಿ, ನನಗೆ ಬೆನ್ನು. ಮೊದಲು ಮಂಡಕ್ಕಿ ಭಟ್ಟಿಗೆ ನಡೆಸಿದಳು. ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ನಾವು ಮೂವರೂ ಬಾಯಿ ಬಿಟ್ಟು ನೋಡಿದೆವು. ಭಟ್ಟಿಯ ಸಾಬರು ಗೆಳತಿಯರ ದುಪಟ್ಟಾಕ್ಕೆ ಬಿಸಿ ಮಂಡಕ್ಕಿ ಸುರಿದರು. ಅವರಿಗೂ ಹೇಳಿದಳು, ಈಕಿ ಹೊರಗಿನಾಕಿ ಅಂತ.

ಆಮೇಲೆ ಬಸ್ಸು ಹತ್ತಿಸಿ ಹರಿಹರ. ಅರ್ಧ ಶಿವ, ಅರ್ಧ ವಿಷ್ಣು, ಒಂದೇ ಮೈಯ ದೇವರಿಗೆ ಕೈ ಮುಗಿಸಿ ಹೊಳೆಗೆ ಇಳಿಸಿದಳು. ತುಂಗಭದ್ರೆ ದಡ ತುಂಬಿ ಹೋಗುತ್ತಿದ್ದಳು. ಮೂರು ವರ್ಷ ಶಾಲೆಗೆಂದು ಇದೇ ಊರಿಗೆ ಬಂದು, ಇದೇ ನೀರು ಕುಡಿದು ಹೊಳೆಯ ಮುಖ ನೋಡಿರಲಿಲ್ಲ ನಾನು. ಎಷ್ಟು ಚೆಂದವಿತ್ತು! ಇವಳು ತೋರಿಸಬೇಕಾಯಿತಲ್ಲ ಅಂತ ಹೊಟ್ಟೆ ಉರಿಯಿತು.

ಕೊಟ್ರಮ್ಮ ಕಾಲು ತೊಳೆದು ಮೆಟ್ಟಿಲ ಮೇಲೆ ಕೂತು ಲವೀನಾಗೆ ಹೇಳಿದಳು, "ಕರ್ಕೊಂಡು ಹೋಗ್ರಿ ಈಕಿನ್ನ. ನಮ್ಮ ದಾವಣಗೆರೆ ಈಕಿಗೆ ದಕ್ಕಲ್ಲ."

"ನಾನು ಎಲ್ಲಿಗೂ ಹೋಗಲ್ಲ" ಅಂದೆ.

ತಮಾಷೆ ಅಂದುಕೊಂಡರು ಇಬ್ಬರೂ. ತಮಾಷೆ ಅಲ್ಲವೆಂದು ತಿಳಿದಾಗ ಲವೀನಾ, ಎಂತ ಮಾರಾಯ್ತಿ, ಒಂದು ಮುದುಕಿಯ ಮೇಲಿನ ಹಠಕ್ಕೆ ಊರಲ್ಲಿ ಸಿಕ್ಕಿದ ಕೆಲಸ ಬಿಡ್ತೀಯಾ ಅಂತ ಕೂಗಾಡಿದಳು. ಆ ರಾತ್ರಿಯ ಬಸ್ಸಿಗೇ ಹೋದರು. ಲವೀನಾ ನನ್ನೊಡನೆ ಮಾತು ಬಿಟ್ಟಳು. ಕೊಟ್ರಮ್ಮ ಕೋಣೆ ಬಿಡು ಅಂದಳು. ಬಿಟ್ಟೆ, ಪಕ್ಕದ ಓಣಿಯಲ್ಲೇ ಇನ್ನೊಂದು ಹಿಡಿದೆ. ಗಾಡಿಯವನ ಬೆನ್ನಿಗೇ ಅಲ್ಲಿಗೂ ಬಂದು ಅದೇ ಮಾತು ಹೇಳಿ ಹೋಗುತ್ತಿದ್ದಳು ಮಹಾತಾಯಿ. ಅವಳ ಹತ್ತಿರ ಜಗಳಕ್ಕೆ ಮಂಗಳೂರು ಕನ್ನಡ ಏನೂ ಸಾಲದು, ಹಾಗಾಗಿ ಅವಳದನ್ನೇ ಕಲಿತೆ. ಚೆನ್ನಾಗಿಯೇ ಜಗಳಾಡಿದೆವು.

ಮರುವರ್ಷ ಕೊಟ್ರಮ್ಮ ಕಾಯಿಲೆ ಬಿದ್ದು ಹರಿಹರದ ಮಗಳ ಮನೆಗೆ ಹೋದವಳು ಅಲ್ಲೇ ತೀರಿಕೊಂಡಳು. ಶಾಲೆ ಬಿಟ್ಟೊಡನೆ ಹೋದೆ. ಅವರ ಲಿಂಗಾಯತ ಪದ್ಧತಿಯಂತೆ ಹಣೆ ತುಂಬ ವಿಭೂತಿ ಹಚ್ಚಿ, ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೆಂಗಸರ ನಡುವೆ ಜಾಗ ಹುಡುಕುತ್ತಿದ್ದೆ. ಒಬ್ಬಾಕೆ ಯಾವೂರವ್ವ ನಿಮ್ದು ಅಂತ ಕೇಳಿದರು.

"ದಾವಣಗೆರೆ ರೀ" ಅಂದೆ.

ಆಕೆ ಸರಿದು ಜಾಗ ಕೊಟ್ಟರು. ಕೊಟ್ರಮ್ಮ ಎದುರಿಗೇ ಕೂತಿದ್ದಳು, ಅಲ್ಲ ಅನ್ನಲಿಲ್ಲ. ಆ ಸಿಟ್ಟಿಗೇ ನನಗೆ ಅಳು ಬಂತು.